ಪಲೆಂಕೆ: ಚಾಲುಕ್ಯರ ಕಾಲದ ಮಾಯಾ ನಗರವನ್ನು ನೋಡ ಹೊರಡುವ ಬಾಗಲಕೋಟೆಯವರಿಗೆ

ಮಾಯಾ ಜನರ ಹಳೆಯ ನಗರವೊಂದನ್ನು ನೋಡಬೇಕೆಂದು ಮೆಕ್ಸಿಕೋಗೆ ಹೊರಡುವ ನಮ್ಮವರಲ್ಲಿ ಬಹುಪಾಲು ಜನ ಕಾನ್‌ಕುನ್ ಕಡಲತೀರದಲ್ಲಿ ಉಳಿದು, ಅಲ್ಲಿಂದ ಬಸ್ಸಿನಲ್ಲಿ ಒಂದು ದಿನದ ಮಟ್ಟಿಗೆ ಚಿಚೆನ್ ಇಟ್ಜಾಕ್ಕೆ ಹೋಗಿ ಬರುತ್ತಾರೆ. ಅದು ನೋಡಬೇಕಾದ ಸ್ಥಳವೇ ಹೌದು. ಆದರೆ ಬಾದಾಮಿಯ ಮೇಣಬಸದಿ, ಐಹೊಳೆಯ ದುರ್ಗದ ಗುಡಿ, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಗಳನ್ನು ನೋಡುತ್ತ ಬೆಳೆದ ಬಾಗಲಕೋಟೆ ಜಿಲ್ಲೆಯವರಿಗೆ ಒಂದೇ ಒಂದು ಮಾಯಾ ನಗರವನ್ನು ನೋಡುವ ಅವಕಾಶವಿದ್ದರೆ ಅದು ಚಿಯಾಪಸ್ ರಾಜ್ಯದ ಪಲೆಂಕೆಯೇ ಆಗಿರಬೇಕು ಎಂಬುದು ಅಲ್ಲಿಗೆ ಹೋಗಿ ಬಂದ ಮೇಲೆ ನನಗೆ ಖಚಿತವಾಗಿದೆ.

ಇದಕ್ಕೆ ಮೊದಲ ಕಾರಣ ಕಾಲದ ಹೊಂದಾಣಿಕೆ. ಇಮ್ಮಡಿ ಪುಲಕೇಶಿ ವಾತಾಪಿಯ ಪಟ್ಟವೇರಿದ ಐದಾರು ವರ್ಷಗಳಲ್ಲಿಯೇ, ಅಂದರೆ 615ರಲ್ಲಿ, ಪಲೆಂಕೆಯಲ್ಲಿ ಕಿನಿಚ್ ಹನಾಬ್ ಪಕಾಲ್ ಎಂಬ ಹನ್ನೆರಡು ವರ್ಷದ ಬಾಲಕ ಅರಸನಾದ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿಯ ಶಾಸನ ಕೆತ್ತಲ್ಪಟ್ಟ 634ರ ಹೊತ್ತಿಗೆ ಆ ಬಾಲಕ ಮೂವತ್ತು ದಾಟಿದ ದೊರೆಯಾಗಿದ್ದ. ಇಲ್ಲಿ ಪುಲಕೇಶಿ ಮಡಿದು, ಮೊದಲನೆಯ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಗಳಿಸಿ ಆಳಿ, ವಿನಯಾದಿತ್ಯನ ಆಳ್ವಿಕೆ ಆರಂಭವಾದ ಮೇಲೂ ಅಲ್ಲಿ ಪಕಾಲನೇ ಅರಸನಾಗಿದ್ದು, 683ರಲ್ಲಿ ತನ್ನ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಎರಡು ನಾಡುಗಳಿಗೆ ಒಂದರ ಸುಳಿವು ಇನ್ನೊಂದಕ್ಕೆ ಇರಲಿಲ್ಲ. ಆದರೂ ಮಲಪ್ರಭೆಯ ದಂಡೆಯಲ್ಲಿ ಉಳಿಯ ಸದ್ದು ಕೇಳುತ್ತಿದ್ದ ದಿನಗಳಲ್ಲಿಯೇ ಅಲ್ಲಿಯ ಕಾಡಿನಲ್ಲೂ ಅದೇ ಸದ್ದು ಕೇಳುತ್ತಿತ್ತು. ಪಟ್ಟದಕಲ್ಲು ಮತ್ತು ಪಲೆಂಕೆ ಎರಡೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ.

ಪ್ರಯಾಣದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋದ ಪ್ರತ್ಯೇಕ ವೀಸಾ ಬೇಕಾಗುವುದಿಲ್ಲವಾದ್ದರಿಂದ, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಭಾಗದ ಹಿರಿಯರಿಗೆ ಇದು ಅಷ್ಟೇನೂ ಕಷ್ಟದ ಪ್ರವಾಸವಲ್ಲ. ಮೆಕ್ಸಿಕೋ ನಗರದಿಂದ ವಿಯಾಎರ್ಮೋಸಾಕ್ಕೆ ವಿಮಾನದಲ್ಲಿ ಬಂದರೆ ಅಲ್ಲಿಂದ ಪಲೆಂಕೆ ಪಟ್ಟಣಕ್ಕೆ ರಸ್ತೆಯಲ್ಲಿ ಸುಮಾರು ಎರಡು ಗಂಟೆಯ ದಾರಿ. ಕಾನ್‌ಕುನ್‌ ಕಡೆಯಿಂದ ಬರುವವರಿಗೆ 2023ರ ಕೊನೆಯಲ್ಲಿ ಮಾಯಾ ರೈಲು ಆರಂಭವಾಗಿದೆ. ಸಾನ್ ಕ್ರಿಸ್ತೋಬಾಲ್ ಕಡೆಯಿಂದ ಬೆಟ್ಟ ಇಳಿದು ಬರುವ ರಸ್ತೆಯಲ್ಲಿ ಊರವರು ಆಗಾಗ ದಾರಿ ತಡೆದು ಪ್ರತಿಭಟಿಸುವುದುಂಟು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಆ ದಾರಿಯನ್ನು ಬಿಡುವುದು ಒಳ್ಳೆಯದು. ಪಟ್ಟಣದಿಂದ ಅವಶೇಷಗಳಿಗೆ ಸುಮಾರು ಎಂಟು ಕಿಲೋಮೀಟರ್. ನಮ್ಮ ಟಂಟಂಗಳ ಹಾಗೆ ದಾರಿಯುದ್ದಕ್ಕೂ ಜನರನ್ನು ಹತ್ತಿಸಿಕೊಂಡು ಓಡಾಡುವ ವ್ಯಾನುಗಳಿವೆ. ರಾಷ್ಟ್ರೀಯ ಉದ್ಯಾನದ ಶುಲ್ಕ ಬೇರೆ, ಪುರಾತತ್ವ ಇಲಾಖೆಯ ಟಿಕೆಟ್ ಬೇರೆ. ಎರಡನ್ನೂ ಎರಡು ಕಡೆ ಕೊಡಬೇಕಾಗಿರುವುದರಿಂದ ನಗದು ಪೆಸೋ ಕೈಯಲ್ಲಿರಬೇಕು.

ಒಳಗೆ ಹೋಗಿ ಮರಗಳ ಸಾಲು ಮುಗಿಯುತ್ತಲೇ ಬಲಗಡೆ ಕಾಡಿನ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಗುಡಿಗಳ ಸಾಲು, ಎದುರಿಗೆ ಗೋಪುರವಿರುವ ಅರಮನೆ ಕಾಣುತ್ತವೆ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಒಗ್ಗಿದ ಕಣ್ಣಿಗೆ ಈ ಬೂದುಬಿಳಿ ಸುಣ್ಣಕಲ್ಲು ಮೊದಲು ಸಪ್ಪೆಯೆನಿಸಬಹುದು. ಆ ಕಾಲದಲ್ಲಿ ಇವುಗಳಿಗೆಲ್ಲ ಗಚ್ಚುಗಾರೆ ಬಳಿದು, ಹೆಚ್ಚಿನಂಶ ಕೆಂಪು ಬಣ್ಣ ಹಚ್ಚಿರುತ್ತಿದ್ದರು. ಈಗಲೂ ಮಳೆ ತಾಗದ ಸಂದುಗಳಲ್ಲಿ ಆ ಕೆಂಪು ಉಳಿದುಕೊಂಡಿದೆ. ಶಿಲ್ಪಿಗಳು ಕಲ್ಲಿನಷ್ಟೇ ಗಾರೆಯಲ್ಲೂ ನುರಿತವರು. ಕಂಬಗೋಡೆಗಳ ಮೇಲಿನ ಮನುಷ್ಯಾಕೃತಿಗಳನ್ನು ಮೊದಲು ಬೆತ್ತಲೆಯಾಗಿ ಮಾಡಿಕೊಂಡು, ಆಮೇಲೆ ಅವುಗಳಿಗೆ ಗಾರೆಯ ಪದರಗಳಿಂದ ಬಟ್ಟೆ, ಒಡವೆಗಳನ್ನು ಒಂದೊಂದಾಗಿ ತೊಡಿಸುತ್ತ ಹೋಗಿದ್ದಾರೆ. ಒಂದೆರಡು ಕಡೆ ಮೇಲಿನ ಪದರ ಉದುರಿ ಒಳಗಿನ ಮೊಣಕಾಲಿನ ದುಂಡು ಕಾಣುತ್ತದೆ. ಹತ್ತಿರ ನಿಂತು ನೋಡಿದರೆ ಕೆಲಸ ನಡೆದ ಕ್ರಮವೇ ಕಣ್ಣಿಗೆ ಬೀಳುತ್ತದೆ.

ಸಾಲಿನಲ್ಲಿ ಎತ್ತರವಾದದ್ದು ಶಾಸನಗಳ ಗುಡಿ. ಒಂಬತ್ತು ಹಂತಗಳ ಜಗಲಿಯ ಮೇಲೆ ಐದು ಬಾಗಿಲುಗಳ ಗುಡಿ; ಅದರೊಳಗಿನ ಮೂರು ದೊಡ್ಡ ಫಲಕಗಳಲ್ಲಿ 617 ಚಿತ್ರಾಕ್ಷರಗಳಿವೆ. ಮೆಕ್ಸಿಕೋದ ಪುರಾತತ್ವಜ್ಞ ಆಲ್ಬರ್ತೊ ರೂಸ್ ಈ ಗುಡಿಯ ನೆಲಹಾಸಿನ ಒಂದು ಚಪ್ಪಡಿಯಲ್ಲಿ ಕಲ್ಲಿನ ಬೆಣೆ ಹಾಕಿ ಮುಚ್ಚಿದ ತೂತುಗಳಿರುವುದನ್ನು ಗಮನಿಸಿ, ಅದನ್ನು ಎತ್ತಿಸಿದಾಗ ಕಲ್ಲುಮಣ್ಣು ತುಂಬಿ ಮುಚ್ಚಿದ ಮೆಟ್ಟಿಲು ಸಿಕ್ಕಿತು. ಅದನ್ನು ತೆರವುಗೊಳಿಸುತ್ತ ಕೆಳಗಿಳಿಯಲು ವರ್ಷಗಳೇ ಬೇಕಾದವು. 1952ರ ಜೂನ್ ತಿಂಗಳಲ್ಲಿ ಜಗಲಿಯ ತಳದ ಕೋಣೆ ತೆರೆದಾಗ, ಕೆತ್ತನೆಯ ದೊಡ್ಡ ಮುಚ್ಚಳವಿದ್ದ ಕಲ್ಲಿನ ಶವಪೆಟ್ಟಿಗೆಯೂ, ಅದರೊಳಗೆ ಜೇಡ್ ಶಿಲೆಯ ಚೂರುಗಳನ್ನು ಜೋಡಿಸಿ ಮಾಡಿದ ಮುಖವಾಡ ಧರಿಸಿದ್ದ ಪಕಾಲನ ಅಸ್ಥಿಯೂ ಸಿಕ್ಕವು. ಕೆಳಗಿನ ಕೋಣೆಯಿಂದ ಮೇಲಿನ ಗುಡಿಯವರೆಗೆ ಮೆಟ್ಟಿಲಿನ ಪಕ್ಕದಲ್ಲೇ ಒಂದು ಪೊಳ್ಳು ಕಲ್ಲುನಾಳವನ್ನು ಸಾಗಿಸಿದ್ದಾರೆ. ಸತ್ತ ಅರಸನಿಗೂ ಮೇಲೆ ಪೂಜೆ ಮಾಡುವವರಿಗೂ ನಂಟು ಕಡಿಯದಿರಲೆಂದು ಅದನ್ನು ಮಾಡಿದರೆಂದು ವಿದ್ವಾಂಸರು ಭಾವಿಸುತ್ತಾರೆ.

ಈ ಗುಡಿಯನ್ನು ಹತ್ತಲೂ ಸಮಾಧಿಗೆ ಇಳಿಯಲೂ ಪ್ರವಾಸಿಗರಿಗೆ ಅನುಮತಿಯಿಲ್ಲ. ಕೆಲವರು ಇದರಿಂದ ಬೇಸರಗೊಳ್ಳುತ್ತಾರೆ. ನನಗೆ ಇದು ಸರಿಯಾದ ನಿರ್ಧಾರವೆಂದೇ ತೋರಿತು. ಜನರ ಉಸಿರಿನ ತೇವ ಕಲ್ಲಿಗೂ ಬಣ್ಣಕ್ಕೂ ಮಾಡುವ ಹಾನಿ ಸಣ್ಣದಲ್ಲ. ಪಕ್ಕದ ಹದಿಮೂರನೆಯ ಸಂಖ್ಯೆಯ ಗುಡಿ ನಾವು ಹೋದಾಗ ತೆರೆದಿತ್ತು. ಅಲ್ಲಿ 1994ರಲ್ಲಿ ಸಿಕ್ಕ ಹೆಣ್ಣಿನ ಸಮಾಧಿಯೊಳಗೆ ಅಸ್ಥಿಯ ಮೇಲೆಲ್ಲ ಇಂಗಳೀಕ ಚೆಲ್ಲಿತ್ತಾದ್ದರಿಂದ ಆಕೆಯನ್ನು ಕೆಂಪು ರಾಣಿ ಎಂದು ಕರೆಯುತ್ತಾರೆ. ಪಕಾಲನ ಹೆಂಡತಿಯೇ ಇರಬೇಕೆಂಬುದು ಹೆಚ್ಚಿನವರ ಊಹೆ. ಇಕ್ಕಟ್ಟಾದ ಓಣಿಯಲ್ಲಿ ಬಗ್ಗಿ ನೋಡಿದರೆ ಖಾಲಿ ಕಲ್ಲುಪೆಟ್ಟಿಗೆಯ ಒಳಮೈಯಲ್ಲಿ ಆ ಕೆಂಪು ಇನ್ನೂ ಕಾಣುತ್ತದೆ.

ಮಾರ್ಗದರ್ಶಿಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಶವಪೆಟ್ಟಿಗೆಯ ಮುಚ್ಚಳದ ಮೇಲಿನ ಚಿತ್ರವನ್ನು ತೋರಿಸಿ, ಪಕಾಲ್ ಆಕಾಶನೌಕೆಯನ್ನು ನಡೆಸುತ್ತಿದ್ದಾನೆಂದು ಕಥೆ ಕಟ್ಟುವವರು ಬಾಗಿಲಲ್ಲೇ ಸಿಗುತ್ತಾರೆ. ಅಂಥವರನ್ನು ನಯವಾಗಿ ಬಿಟ್ಟು ಮುಂದೆ ಹೋಗಬೇಕು. ಆ ಚಿತ್ರದಲ್ಲಿರುವುದು ಪಾತಾಳದ ಬಾಯಿಯ ಮೇಲೆ ಒರಗಿರುವ ಅರಸ ಮತ್ತು ಅವನ ಮೈಯಿಂದ ಮೇಲಕ್ಕೆದ್ದ ವಿಶ್ವವೃಕ್ಷ. ಅದರ ತುದಿಯಲ್ಲಿ ಹಕ್ಕಿಯೂ ಕುಳಿತಿದೆ. ತ್ರಿವಿಕ್ರಮನ ಎತ್ತಿದ ಕಾಲನ್ನು ಮೇಣಬಸದಿಯಲ್ಲಿ ಕಂಡು ಅರ್ಥಮಾಡಿಕೊಂಡ ನಮ್ಮವರಿಗೆ, ಮೂರು ಲೋಕಗಳನ್ನು ಒಂದೇ ಕೆತ್ತನೆಯಲ್ಲಿ ತರುವ ಈ ಬಗೆಯನ್ನು ವಿವರಿಸಲು ಆಕಾಶನೌಕೆ ಬೇಕಾಗುವುದಿಲ್ಲ. ನಮಗೆ ಸಿಕ್ಕ ಮಾರ್ಗದರ್ಶಿ ಚೋಲ್ ಭಾಷಿಕರು. ಶಾಸನಗಳ ಹಳೆಯ ಮಾಯಾ ಭಾಷೆಗೆ ಹತ್ತಿರದ ನುಡಿಯನ್ನೇ ಮನೆಯಲ್ಲಿ ಆಡುವವರು. ಅರಸರ ಹೆಸರುಗಳನ್ನು ಅವರ ಬಾಯಲ್ಲಿ ಕೇಳುವುದೇ ಒಂದು ಲಾಭ. ಅಧಿಕೃತ ಗುರುತಿನ ಚೀಟಿ ಇರುವವರನ್ನೇ ಆರಿಸಿಕೊಂಡು, ದರವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಈ ಹೆಸರುಗಳನ್ನು ಓದಲು ಸಾಧ್ಯವಾದದ್ದೇ ಇತ್ತೀಚೆಗೆ. ಸಮಾಧಿ ಸಿಕ್ಕ 1952ರಲ್ಲಿಯೇ ಸೋವಿಯತ್ ವಿದ್ವಾಂಸ ಯೂರಿ ಕ್ನೋರೊಜೊವ್ ಮಾಯಾ ಲಿಪಿಯ ಚಿಹ್ನೆಗಳು ಉಚ್ಚಾರಣೆಯನ್ನೂ ಸೂಚಿಸುತ್ತವೆಂದು ತೋರಿಸಿದರು. 1973ರ ಡಿಸೆಂಬರಿನಲ್ಲಿ ಪಲೆಂಕೆಯಲ್ಲೇ ಸೇರಿದ ವಿದ್ವಾಂಸರ ಸಭೆಯಲ್ಲಿ ಲಿಂಡಾ ಶೀಲಿ, ಪೀಟರ್ ಮ್ಯಾಥ್ಯೂಸ್ ಮತ್ತು ಫ್ಲಾಯ್ಡ್ ಲೌನ್ಸ್‌ಬರಿ ಇಲ್ಲಿಯ ಅರಸರ ವಂಶಾವಳಿಯನ್ನು ಜೋಡಿಸಿದರು. ಶಾಸನ ಓದಿ ಇತಿಹಾಸ ಕಟ್ಟುವ ಕೆಲಸದ ಬೆಲೆ ಬಲ್ಲ ಜಿಲ್ಲೆ ನಮ್ಮದು. ಹೀಗಾಗಿ ಪಲೆಂಕೆಯ ಈ ಭಾಗ ನನಗೆ ಕಟ್ಟಡಗಳಿಗಿಂತಲೂ ಹೆಚ್ಚಿನದಾಗಿ ಕಂಡಿತು.

ಅರಮನೆಯಲ್ಲಿ ಸಾಕಷ್ಟು ಹೊತ್ತು ಕಳೆಯಬೇಕು. ಅಂಗಳಗಳು, ಓಣಿಗಳು, ನೆಲದಡಿಯ ದಾರಿಗಳು, ನಾಲ್ಕು ಅಂತಸ್ತಿನ ಚೌಕ ಗೋಪುರ, ಗಾಳಿ ಬರಲೆಂದು ಗೋಡೆಗಳಲ್ಲಿ ಬಿಟ್ಟ ಟಿ ಆಕಾರದ ಕಿಂಡಿಗಳು ಎಲ್ಲವೂ ಇವೆ. ಪೂರ್ವದ ಅಂಗಳದ ಮೆಟ್ಟಿಲಿನ ಎರಡೂ ಬದಿಗೆ ಸೆರೆಯಾಳುಗಳ ಆಳೆತ್ತರದ ಚಪ್ಪಡಿಗಳನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಒಬ್ಬ ತನ್ನ ಎದೆಗೆ ಕೈಯಿಟ್ಟಿದ್ದಾನೆ, ಇನ್ನೊಬ್ಬ ಹೆಗಲನ್ನು ಹಿಡಿದುಕೊಂಡಿದ್ದಾನೆ. ಇದೇ ಅಂಗಳದ ಎದುರು ಬದಿಯ ಮೆಟ್ಟಿಲುಗಳ ಮೇಲೆ ಚಿತ್ರಾಕ್ಷರಗಳ ಶಾಸನವಿದೆ. 599ರಲ್ಲಿ ಕಲಕ್‌ಮುಲ್ ರಾಜ್ಯದವರು ಪಲೆಂಕೆಯ ಮೇಲೆ ಬಿದ್ದು ಅದನ್ನು ಸೋಲಿಸಿದ ಸಂಗತಿಯನ್ನು ಪಕಾಲ್ ತನ್ನ ಅರಮನೆಯ ಮೆಟ್ಟಿಲಿನ ಮೇಲೆ ತಾನೇ ಬರೆಸಿದ್ದಾನೆ.

ಇಲ್ಲಿ ನಾನು ಬಹಳ ಹೊತ್ತು ನಿಂತೆ. 642ರಲ್ಲಿ ವಾತಾಪಿ ಪಲ್ಲವರ ಕೈಗೆ ಹೋದದ್ದನ್ನು ಬಾದಾಮಿಯ ಬಂಡೆಯ ಮೇಲೆ ಬರೆಸಿದವನು ಗೆದ್ದ ನರಸಿಂಹವರ್ಮ. ಅದು ಶತ್ರುವಿನ ಕೈಬರಹ. ಪಲೆಂಕೆಯಲ್ಲಾದರೋ ಸೋತ ಮನೆತನದ ಅರಸನೇ ತನ್ನ ಹಿರಿಯರ ಸೋಲನ್ನು ಕಲ್ಲಿಗೆ ಇಳಿಸಿ, ಆಮೇಲೆ ತಾನು ಸೆರೆಹಿಡಿದವರ ವಿವರವನ್ನು ಅದರ ಜೊತೆಗೆ ಸೇರಿಸಿದ್ದಾನೆ. ಸೋಲನ್ನು ಮೊದಲು ಹೇಳಿದರೆ ತನ್ನ ಗೆಲುವು ದೊಡ್ಡದಾಗಿ ಕಾಣುತ್ತದೆಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿರಬಹುದು. ಹಾಗಿದ್ದರೂ ದಿನವೂ ತುಳಿದು ಹತ್ತುವ ಮೆಟ್ಟಿಲಿನ ಮೇಲೆ ಅದನ್ನು ಬರೆಸಲು ಧೈರ್ಯ ಬೇಕು. ಪ್ರವಾಸಿಗರಲ್ಲಿ ಹೆಚ್ಚಿನವರು ಗೋಪುರದ ಮುಂದೆ ಚಿತ್ರ ತೆಗೆದುಕೊಂಡು ಈ ಮೆಟ್ಟಿಲುಗಳ ಪಕ್ಕದಲ್ಲೇ ಹಾದುಹೋಗುತ್ತಾರೆ, ಏಕೆಂದರೆ ಇದರ ಮಹತ್ವ ತಿಳಿಸುವಂಥ ಫಲಕ ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಪಲೆಂಕೆಯ ವ್ಯವಸ್ಥೆಯಲ್ಲಿ ನಾನು ಕಂಡ ದೊಡ್ಡ ಕೊರತೆ ಇದು.

ಕಟ್ಟುವ ವಿದ್ಯೆಯ ಬಗ್ಗೆ ಒಂದು ಮಾತು. ಮಾಯಾ ಶಿಲ್ಪಿಗಳು ನಿಜವಾದ ಕಮಾನನ್ನು ಬಳಸಲಿಲ್ಲ. ಎರಡೂ ಗೋಡೆಗಳಿಂದ ಕಲ್ಲುಗಳನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಚಾಚುತ್ತ ಹೋಗಿ ಮೇಲೆ ಕೂಡಿಸುತ್ತಿದ್ದರು. ಇದರಿಂದ ಗೋಡೆ ದಪ್ಪವಾಗಿ ಕೋಣೆ ಇಕ್ಕಟ್ಟಾಗುವುದು ಸಹಜ. ಪಲೆಂಕೆಯವರು ಎರಡು ಸಾಲು ಕೋಣೆಗಳನ್ನು ಒಂದೇ ನಡುಗೋಡೆಗೆ ಆನಿಸಿ, ಮಾಡನ್ನು ಇಳಿಜಾರಾಗಿಸಿ ಭಾರ ಕಡಿಮೆ ಮಾಡಿದ್ದರಿಂದ ಇಲ್ಲಿಯ ಗೋಡೆಗಳು ತೆಳುವಾಗಿವೆ, ಬಾಗಿಲುಗಳು ಅಗಲವಾಗಿವೆ, ಒಳಗೆ ಬೆಳಕೂ ಗಾಳಿಯೂ ಆಡುತ್ತವೆ. ನೀರಿನ ವಿಷಯದಲ್ಲಂತೂ ಅವರ ಜಾಣ್ಮೆ ಇನ್ನೂ ಹೆಚ್ಚು. ಊರು ನಿಂತಿರುವುದು ಬೆಟ್ಟದ ನಡುವಿನ ಕಿರಿದಾದ ಸಮತಟ್ಟಿನಲ್ಲಿ. ಅದರ ಮಧ್ಯದಲ್ಲೇ ಓತೊಲೂಮ್ ಹಳ್ಳ ಹರಿಯುತ್ತದೆ. ಅವರು ಆ ಹಳ್ಳವನ್ನು ಚಾಚುಕಲ್ಲಿನ ಚಾವಣಿಯುಳ್ಳ ಕಾಲುವೆಯೊಳಗೆ ಹರಿಸಿ, ಅದರ ಮೇಲೆಯೇ ಅಂಗಳ ಮಾಡಿಕೊಂಡರು. ಇದರಿಂದ ನೆರೆಯ ಭಯವೂ ಕಡಿಮೆಯಾಯಿತು, ಜಾಗವೂ ಸಿಕ್ಕಿತು. ಅಗಸ್ತ್ಯತೀರ್ಥದಲ್ಲಿ ಮಳೆನೀರನ್ನು ಕಟ್ಟಿ ನಿಲ್ಲಿಸಿಕೊಂಡು ಬದುಕಿದ ನಾಡಿನಿಂದ ಹೋದವರಿಗೆ, ನೀರು ಹೆಚ್ಚಾದದ್ದೇ ತೊಂದರೆಯಾಗಿದ್ದ ಊರು ಅದನ್ನು ಹೇಗೆ ಸಂಭಾಳಿಸಿತು ಎಂಬುದು ನೋಡಬೇಕಾದ ಸಂಗತಿ.

ಹಳ್ಳ ದಾಟಿ ಮೇಲೇರಿದರೆ ಪಕಾಲನ ಮಗ ಕಾನ್ ಬಹ್ಲಮ್ 692ರಲ್ಲಿ ಪ್ರತಿಷ್ಠಾಪಿಸಿದ ಮೂರು ಗುಡಿಗಳ ಗುಂಪು ಇದೆ. ಅವುಗಳಲ್ಲೊಂದರ ಕೆತ್ತನೆಯ ಮಧ್ಯದಲ್ಲಿರುವ ಮರವನ್ನು ಶಿಲುಬೆಯೆಂದು ಹಿಂದಿನ ಪ್ರವಾಸಿಗರು ತಿಳಿದದ್ದರಿಂದ ಶಿಲುಬೆಯ ಗುಡಿ ಎಂಬ ಹೆಸರು ನಿಂತಿದೆ. ಅದರ ಮೆಟ್ಟಿಲು ಕಡಿದಾಗಿದೆ, ಆದರೆ ಮೇಲಿನಿಂದ ಇಡೀ ನಗರವೂ ಅದರಾಚೆ ಉತ್ತರದ ಬಯಲೂ ಒಟ್ಟಿಗೆ ಕಾಣುತ್ತವೆ. ಯಾವ ಗುಡಿ ಹತ್ತಲು ಬಿಡುತ್ತಾರೆಂಬುದು ಆಗಾಗ ಬದಲಾಗುತ್ತಿರುತ್ತದೆ, ಬಾಗಿಲಲ್ಲೇ ವಿಚಾರಿಸಿಕೊಳ್ಳಬೇಕು. ಗುರುತಿಸಿರುವ ಸುಮಾರು 1,400ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬೆಳಕಿಗೆ ಬಂದಿರುವುದು ಸಣ್ಣ ಪಾಲು ಮಾತ್ರ. ಉಳಿದವು ಬೇರುಗಳಡಿಯಲ್ಲಿ ದಿಬ್ಬಗಳಾಗಿ ಮಲಗಿವೆ. ಬೆಳಗಿನ ಹೊತ್ತು ಆ ಕಾಡಿನಿಂದ ಹೌಲರ್ ಮಂಗಗಳ ಗರ್ಜನೆ ಹುಲಿಯದೇನೋ ಎಂಬಂತೆ ಕೇಳಿಬರುತ್ತದೆ. ಬಾದಾಮಿಯ ಮಂಗಗಳಂತೆ ಕೈಚೀಲಕ್ಕೆ ಕೈಹಾಕುವ ಜಾತಿಯಲ್ಲ, ಮರ ಬಿಟ್ಟು ಇಳಿಯುವುದೇ ಅಪರೂಪ.

ವಸ್ತುಸಂಗ್ರಹಾಲಯವನ್ನು ಬಿಟ್ಟು ಬಂದವರು ಪಲೆಂಕೆಯ ಅರ್ಧವನ್ನು ಬಿಟ್ಟು ಬಂದಂತೆ. ಅದು ಮುಖ್ಯ ಬಾಗಿಲಿನಿಂದ ಕೆಳಗೆ, ಪಟ್ಟಣದ ರಸ್ತೆಯ ಪಕ್ಕದಲ್ಲಿದೆ. ಸೋಮವಾರ ಮುಚ್ಚಿರುತ್ತದೆ. ಇಲ್ಲಿ ಪಕಾಲನ ಶವಪೆಟ್ಟಿಗೆಯ ಪೂರ್ಣ ಅಳತೆಯ ಪ್ರತಿಕೃತಿ ಇದೆ. ಸಮಾಧಿಗೆ ಇಳಿಯಲಾಗದ ಕೊರತೆ ಇಲ್ಲಿ ತುಂಬಿಬರುತ್ತದೆ. ಎಲ್ಲರೂ ಮುಚ್ಚಳವನ್ನೇ ನೋಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪೆಟ್ಟಿಗೆಯ ಬದಿಗಳು. ಅಲ್ಲಿ ಪಕಾಲನ ತಾಯಿ, ತಂದೆ ಮತ್ತು ಹಿರಿಯರು ಒಬ್ಬೊಬ್ಬರೂ ಒಂದೊಂದು ಹಣ್ಣಿನ ಮರದೊಂದಿಗೆ ನೆಲ ಸೀಳಿಕೊಂಡು ಮೇಲೇಳುತ್ತಿದ್ದಾರೆ. ಒಬ್ಬರ ಬೆನ್ನಿಗೆ ಕೋಕೋ, ಇನ್ನೊಬ್ಬರ ಬೆನ್ನಿಗೆ ಪೇರಲ, ಮತ್ತೊಬ್ಬರಿಗೆ ಬೆಣ್ಣೆಹಣ್ಣು. ನೆಲದ ಬಿರುಕನ್ನು ಕೂಡ ಕೆತ್ತಿದ್ದಾರೆ. ಸತ್ತ ಅರಸನ ಸುತ್ತ ಅವನ ಪೂರ್ವಜರನ್ನೆಲ್ಲ ಒಂದು ತೋಟವಾಗಿ ನೆಟ್ಟ ಆ ಕಲ್ಪನೆಗೆ ಸಮನಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೇ ಸಂಗ್ರಹದ 96 ಚಿತ್ರಾಕ್ಷರಗಳ ಫಲಕವನ್ನೂ ಹುಡುಕಿ ನೋಡಬೇಕು. 783ರಲ್ಲಿ ಕೆತ್ತಿದ ಅದರ ಗೆರೆಗಳು ಕುಂಚದಿಂದ ಎಳೆದಷ್ಟು ನವಿರಾಗಿವೆ. ಅದಕ್ಕಿಂತ ಮೂರು ದಶಕ ಮೊದಲು, 754ರಲ್ಲಿ, ಎರಡನೆಯ ಕೀರ್ತಿವರ್ಮನ ಕಾಲಕ್ಕೆ ಪಟ್ಟದಕಲ್ಲಿನ ಸ್ತಂಭದ ಮೇಲೆ ಶಾಸನವನ್ನು ಎರಡು ಲಿಪಿಗಳಲ್ಲಿ ಕೆತ್ತಿದರು. ಆ ಸ್ತಂಭವನ್ನು ಹೋಗುವ ಮೊದಲೊಮ್ಮೆ ನೋಡಿ ಹೋದರೆ ಹೋಲಿಕೆಯ ಸುಖ ದೊರೆಯುತ್ತದೆ.

ಕುಂದುಗಳನ್ನೂ ಹೇಳಬೇಕು. ಅವಶೇಷಗಳ ನಡುವಿನ ದಾರಿಗಳಲ್ಲಿ ಚರ್ಮದ ಚಿತ್ರ, ಮಣಿಸರ ಮಾರುವವರ ಸಾಲು ಬಹಳ. ಅವರು ಆ ನೆಲದ ಮಕ್ಕಳು, ಅವರ ಬದುಕೂ ನಡೆಯಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ಶಿಲ್ಪದ ಮುಂದಿನ ಜಾಗವಾದರೂ ತೆರವಾಗಿರಬೇಕಿತ್ತು. ಒಳಗೆ ಕೂರಲು ನೆರಳಿನ ಕಟ್ಟೆಗಳು ಕಡಿಮೆ. ಮೆಟ್ಟಿಲುಗಳು ಎತ್ತರ, ಪಾಚಿಯಿಂದ ಜಾರುತ್ತವೆ. ಮೊಣಕಾಲು ನೋವಿರುವವರು ಕೆಳಗಿನ ಅಂಗಳದಲ್ಲೇ ಅರಮನೆಯನ್ನು ಸುತ್ತಿ ನೋಡಿ ತೃಪ್ತರಾಗಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಬೇಸರ ತಂದದ್ದು ನಾವು ಮೊದಲು ಹಣ ಕಟ್ಟಿದ್ದ ಪ್ರವಾಸ ಸಂಸ್ಥೆಯ ಕಾರ್ಯಕ್ರಮ. ಮಿಸೊಲ್‌ಹಾ ಮತ್ತು ಆಗುವಾ ಅಸೂಲ್ ಜಲಪಾತಗಳನ್ನೂ ಪಲೆಂಕೆಯನ್ನೂ ಒಂದೇ ದಿನಕ್ಕೆ ತುರುಕಿ, ನಗರಕ್ಕೆ ಸಿಕ್ಕ ಸಮಯದಲ್ಲಿ ವಸ್ತುಸಂಗ್ರಹಾಲಯವನ್ನು ಪೂರ್ತಿ ಕೈಬಿಟ್ಟಿದ್ದರು. ಹೀಗಾಗಿ ನಾವು ಮರುದಿನ ನಮ್ಮಷ್ಟಕ್ಕೆ ಮತ್ತೆ ಹೋಗಿ ನೋಡಬೇಕಾಯಿತು. ಜಲಪಾತಗಳಿಗೆ ಬೇರೆ ದಿನವಿಡಿ. ಅವಶೇಷಗಳನ್ನು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನೋಡಿ, ಬಿಸಿಲೇರಿದ ಮೇಲೆ ವಸ್ತುಸಂಗ್ರಹಾಲಯಕ್ಕೆ ಇಳಿದು, ಕಂಡದ್ದನ್ನು ಅಲ್ಲಿ ಅರ್ಥಮಾಡಿಕೊಂಡು, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಒಳಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯ ಕ್ರಮ.

ನಮ್ಮ ಭಾಗದ ಶಾಕಾಹಾರಿಗಳು ಊಟಕ್ಕೆ ಹೆದರಬೇಕಾಗಿಲ್ಲ. ಗೋವಿನಜೋಳದ ತೆಳುರೊಟ್ಟಿ, ಕಪ್ಪು ಅವರೆಯಂಥ ಕಾಳಿನ ಪಲ್ಯ, ಬೆಣ್ಣೆಹಣ್ಣಿನ ಚಟ್ನಿ, ಹಸಿಮೆಣಸಿನಕಾಯಿ ಎಲ್ಲ ಕಡೆ ಸಿಗುತ್ತವೆ. ಆದರೆ ಕಾಳನ್ನೂ ಎಲೆಯಲ್ಲಿ ಬೇಯಿಸುವ ತಮಾಲೆಯ ಹಿಟ್ಟನ್ನೂ ಹಂದಿಕೊಬ್ಬು ಹಾಕಿ ಮಾಡುವುದು ಅಲ್ಲಿಯ ರೂಢಿ. ಮಾಂಸ ಬೇಡವೆಂದಷ್ಟೇ ಹೇಳಿದರೆ ಸಾಲದು, "ಸಿನ್ ಮಾಂತೆಕಾ" ಎಂದು ಸೇರಿಸಿ ಹೇಳಬೇಕು. ಮನೆಯಿಂದ ಶೇಂಗಾ ಹಿಂಡಿಯ ಪೊಟ್ಟಣ ಒಯ್ದಿದ್ದರೆ ಆ ರೊಟ್ಟಿಯೊಂದಿಗೆ ಚೆನ್ನಾಗಿ ಹೊಂದುತ್ತದೆ.

ಮಳೆಗಾಲದಲ್ಲಿ ಅಲ್ಲಿ ಸುರಿಯುವ ಮಳೆ ನಮ್ಮ ಜಿಲ್ಲೆಯವರ ಊಹೆಗೆ ಮೀರಿದ್ದು; ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಅನುಕೂಲ. ಜಾರದ ಬೂಟು, ಸೊಳ್ಳೆ ಓಡಿಸುವ ಮುಲಾಮು, ನೀರಿನ ಬಾಟಲಿ ಇವಿಷ್ಟು ಕಡ್ಡಾಯ. ಪಕಾಲನ ನಿಜವಾದ ಜೇಡ್ ಮುಖವಾಡ ಪಲೆಂಕೆಯಲ್ಲಿಲ್ಲ. ಅದು ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದೆ. 1985ರ ಕ್ರಿಸ್‌ಮಸ್ ರಾತ್ರಿ ಅಲ್ಲಿಂದಲೇ ಕಳುವಾಗಿ 1989ರಲ್ಲಿ ಮರಳಿ ದೊರೆತ ವಸ್ತು ಅದು. ಊರಿಗೆ ಮರಳುವ ವಿಮಾನ ಹೇಗೂ ಆ ನಗರದಿಂದಲೇ ಆದ್ದರಿಂದ, ಒಂದು ಇಡೀ ದಿನವನ್ನು ಅದಕ್ಕಾಗಿ ಇಟ್ಟುಕೊಳ್ಳಿ. ಆ ದಿನ ಸೋಮವಾರವಾಗದಂತೆ ನೋಡಿಕೊಂಡು ಟಿಕೆಟ್ ತೆಗೆಸಿ, ಏಕೆಂದರೆ ಅದೂ ಸೋಮವಾರ ಮುಚ್ಚಿರುತ್ತದೆ.